ಅರ್ಧ ಶಟರ್, ಎರಡು ಜಿಲೇಬಿ

ಗರಗರಗರ, ಟಕ್. ಗ್ರಾಂಟ್ ರೋಡಿನ ನಮ್ಮ ಹೋಟೆಲಿನ ಶಟರ್ ಮಧ್ಯಾಹ್ನ ಮೂರಕ್ಕೆ ಅರ್ಧಕ್ಕಿಳಿದು ನಿಲ್ಲುತ್ತಿದ್ದ ಆ ಸದ್ದು ಈಗಲೂ ಕಿವಿಯಲ್ಲಿದೆ. ಒಳಗೆ ಕೂತವರು ನಿಧಾನವಾಗಿ ಉಂಡು ಏಳಬಹುದು, ಹೊಸ ಆರ್ಡರ್ ಮಾತ್ರ ಇಲ್ಲ. ಅದು ನಮ್ಮ ಯಜಮಾನರ ರೂಲ್.

ಅವರ ಲಿವರಿನ ಕ್ಯಾನ್ಸರ್ ಕೈಮೀರಿದೆ ಎಂದು ಡಾಕ್ಟರು ಹೇಳಿದ ದಿನ ಮಗ, "ಪಪ್ಪಾಗೆ ಹೇಳೋದು ಬೇಡ ಮಮ್ಮಿ, ಹಿಮ್ಮತ್ ಹೋಗ್ತದೆ. ಆಸಿಡಿಟಿ ಅನ್ನುವಾ," ಎಂದ. ಸುಳ್ಳು ಹೇಳಿ ಸಿಕ್ಕಿಬಿದ್ದು ಸಿಸ್ಟರ್‌ಗಳಿಂದ ನೂರು ಸಲ ಇಂಪೊಸಿಷನ್ ಬರೆಸಿಕೊಂಡ ಕಾನ್ವೆಂಟ್ ಹುಡುಗಿ ನಾನು. ಆದರೂ ಇವರ ಮುಂದೆ ಗಂಭೀರವಾಗಿ "ಓನ್ಲಿ ಆಸಿಡಿಟಿ" ಎಂದುಬಿಟ್ಟೆ.

ಇನ್ನು ಪಥ್ಯ ಬೇಡ, ಬೇಕಾದ್ದು ಕೊಡಿ ಎಂದೂ ಡಾಕ್ಟರು ಹೇಳಿದ್ದರು. ಇಪ್ಪತ್ತು ವರ್ಷ ಅವರ ಶುಗರಿಗೆ ಕಾವಲು ಕೂತಿದ್ದ ನಾನು ಮರುದಿನವೇ ಜಿಲೇಬಿ ತಂದೆ. ಇವರು ಜಿಲೇಬಿಯನ್ನು ನೋಡಿದರು, ನನ್ನನ್ನು ನೋಡಿದರು.

"ಎಷ್ಟು ತಿಂಗಳಂತೆ ಮಾರಾಯ್ತಿ?"

"ಎಂತದು? ಆಸಿಡಿಟಿ ಅಷ್ಟೆ."

"ಆಸಿಡಿಟಿಗೆ ಜಿಲೇಬಿಯಾ? ನಾನು ಹೋಟೆಲಿನವ. ಕೇಳದೆ ಟೇಬಲಿಗೆ ಸ್ವೀಟ್ ಬಂದ್ರೆ ಏನೋ ಎಡವಟ್ಟಾಗಿದೆ ಅಂತ ನಂಗೆ ಗೊತ್ತಾಗೂದಿಲ್ವಾ?"

ನಾನು ಅತ್ತುಬಿಟ್ಟೆ. ಅವರು ತಿಂದರು. ಎರಡು.

ಕೆಲವು ವಾರ ಕಳೆದು ಉಸಿರಾಟ ಕಷ್ಟವಾಗಿ ಆಸ್ಪತ್ರೆ ಸೇರಿದರು. ವೆಂಟಿಲೇಟರ್ ಹಾಕಬೇಕೇ ಎಂದು ಡಾಕ್ಟರು ಮಗನನ್ನು ಕೇಳಿದರು, ಮಗ ನನ್ನನ್ನು. "ಎಲ್ಲಾ ಮಾಡುವಾ ಮಮ್ಮಿ," ಎಂದವನ ಕಣ್ಣು ಕೆಂಪಾಗಿತ್ತು. ನನ್ನ ನಾಲಗೆ ತುದಿಯಲ್ಲೂ ಅದೇ ಇತ್ತು. ಸೆಲ್ಫಿಶ್, ಐ ನೋ. ಆದರೆ ಜಿಲೇಬಿ ತಿಂದವರನ್ನು ಬಿಟ್ಟು ಊರವರನ್ನೆಲ್ಲ ಕೇಳುತ್ತಿದ್ದೇವಲ್ಲ ಅನ್ನಿಸಿ, "ಅವರನ್ನೇ ಕೇಳುವಾ," ಎಂದೆ.

ಇವರು ಏದುಸಿರಲ್ಲೇ ನನಗೆ ಹೇಳಿದರು: "ಅರ್ಧ ಶಟರ್ ಹಾಕಿ ಆಯ್ತು ಅಂತ ಹೇಳು. ಮಿಷಿನ್ ಅಂದ್ರೆ ಹೊಸ ಆರ್ಡರ್. ನೋವಿಗೆ ಮದ್ದು ಕೊಡ್ಲಿ, ಮನೆಗೆ ಕಳಿಸ್ಲಿ."

ಡಾಕ್ಟರಿಗೆ ಹೋಟೆಲಿನ ರೂಲನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಮಗನಿಗೆ ಹೇಳಬೇಕಾಗಲಿಲ್ಲ, ಆ ಶಟರಿನಡಿ ಬಗ್ಗಿ ಬಗ್ಗಿಯೇ ಬೆಳೆದವನು. ಮುಖ ಆಚೆ ತಿರುಗಿಸಿ ಹೂಂ ಎಂದು ತಲೆಯಾಡಿಸಿದ.

ಸಯನ್ನಿನ ನಮ್ಮ ಮನೆಯಲ್ಲಿ ಒಂಬತ್ತು ದಿನ ಇದ್ದರು. ಹತ್ತನೆಯ ಬೆಳಿಗ್ಗೆ ಇಡ್ಲಿಯ ಚೂರೊಂದನ್ನು ಚಟ್ನಿಗೆ ತಾಗಿಸಿ ನಾಲಗೆಗಿಟ್ಟು, "ಉಪ್ಪೇ ಇಲ್ಲ. ಗಿರಾಕಿ ಪ್ಲೇಟ್ ವಾಪಸ್ ಕಳಿಸ್ತಾನೆ," ಎಂದರು.

"ಈ ಗಿರಾಕಿಯ ದಿಮಾಕು ನೋಡಿ!" ಎನ್ನುತ್ತ ಉಪ್ಪು ತರಲು ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ತಿರುಗಿ ನೋಡಿದೆ. ಜೀವಂತವಾಗಿ ಅವರನ್ನು ನೋಡಿದ್ದು ಅದೇ ಕೊನೆ: ಕಣ್ಣು ಮುಚ್ಚಿ, ಬೆರಳಿನ ಚಟ್ನಿ ನೆಕ್ಕುತ್ತ, ಛೆ ಛೆ ಎಂದು ತಲೆಯಾಡಿಸುತ್ತಿದ್ದರು.