ಅಘನಾಶಿನಿಯಲ್ಲಿ ಉಳಿದ ಐದನೇ ಅಧ್ಯಾಯ

ಭಟ್ಕಳದಲ್ಲಿ ಇಳಿದಾಗ ಸಂಜೆಯಾಗಿತ್ತು. ಘಟ್ಟದ ಮೇಲಿನ ನಮ್ಮ ವಿಶ್ವವಿದ್ಯಾಲಯದ ಊರಿನಿಂದ ಬೆಳಿಗ್ಗೆಯೇ ಹೊರಟಿದ್ದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ಕೈಯಲ್ಲಿ ಶೂನ್ಯ ರೂಪಾಯಿಯ ಟಿಕೆಟು, ಮಾರ್ಚ್ ತಿಂಗಳಾದ್ದರಿಂದ ಮೈಯೆಲ್ಲ ಬೆವರು. ಚೀಲದಲ್ಲಿ ಎರಡು ಸೀರೆ ಮತ್ತು ಜಟ್ಟಪ್ಪ ಎಂಬ ಸಂಶೋಧಕರ ಹಳೆಯ ಫೈಲು ಇತ್ತು.

ನಾನಾಗ ಪಿಎಚ್‌ಡಿ ವಿಭಾಗದ ಸೂಪರಿಂಟೆಂಡೆಂಟ್. ನಮ್ಮ ವಿಶ್ವವಿದ್ಯಾಲಯದವರು ಬರೆಯದೆ ಬಿಟ್ಟ ವಿಷಯವಿಲ್ಲ. ಗದ್ದೆಯ ಸೊಳ್ಳೆಯಿಂದ ಹಿಡಿದು ಭಟ್ಕಳದ ಮುಸ್ಲಿಮರ ನವಾಯತಿ ಮಾತಿನ ನಂಟಸ್ತಿಕೆಯ ಪದಗಳವರೆಗೆ ಎಲ್ಲದರ ಮೇಲೂ ಪ್ರಬಂಧವಿದೆ, ಎಲ್ಲದರ ಬಾಲಕ್ಕೂ ‘ಒಂದು ವಿಶ್ಲೇಷಣಾತ್ಮಕ ಅಧ್ಯಯನ’ ಅಂತ ಗಂಟು ಹಾಕಿದೆ. ನಾನು ಒಂದನ್ನೂ ಪೂರ್ತಿ ಓದಿದವಳಲ್ಲ. ಶುಲ್ಕ, ಸಹಿ, ಮೊಹರು ನೋಡಿ ಮುಂದೆ ಕಳಿಸಿದವಳು.

ಜಟ್ಟಪ್ಪನವರದು ಪ್ರಾಣಿಶಾಸ್ತ್ರ, ಅಘನಾಶಿನಿ ನದಿಯ ಅಳಿವೆಯ ಬಳಚು ಅವರ ವಿಷಯ. ಕೆಸರಿನಲ್ಲಿ ಹೂತಿರುವ ಈ ಚಿಪ್ಪಿನ ಜೀವಿಯನ್ನು ನೀರು ಇಳಿದಾಗ ಹೆಂಗಸರು ಹೆಕ್ಕಿ ಮಾರುತ್ತಾರೆ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿಯನ್ನು ತಾವೇ ತಂದುಕೊಟ್ಟು, “ಊಟ ಆತಾ ಮೇಡಂ?” ಎಂದು ಕೇಳಿ ಹೋಗುತ್ತಿದ್ದರು. ನಮ್ಮ ಕೌಂಟರಿನಲ್ಲಿ ಹಾಗೆ ಕೇಳಿದವರು ಇನ್ನೊಬ್ಬರಿಲ್ಲ. ಆಮೇಲೆ ಬರುವುದನ್ನೇ ನಿಲ್ಲಿಸಿಬಿಟ್ಟರು. ಈಗ ಅವಧಿ ಮೀರಿದವರಿಗೆಲ್ಲ ವಿಶ್ವವಿದ್ಯಾಲಯ ಕೊನೆಯ ಅವಕಾಶ ಕೊಟ್ಟಿತ್ತು. ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿಸಬೇಕು. ಅವರಿಗೆ ಹಾಕಿದ ಪತ್ರ ವಾಪಸು ಬಂತು, ಫೋನು ಹತ್ತಲಿಲ್ಲ. ಅವರು ಅತಿಥಿ ಉಪನ್ಯಾಸಕರು, ಪಿಎಚ್‌ಡಿ ಇಲ್ಲದವರನ್ನು ಕಾಲೇಜುಗಳು ಕೈಬಿಡುತ್ತಿರುವ ಕಾಲ ಬೇರೆ. ಈ ಮನುಷ್ಯ ಡಾಕ್ಟರ್ ಆಗಲೇಬೇಕು ಎಂದು ನನಗೆ ಹಟ ಹತ್ತಿತು. ರಜೆ ಹಾಕಿ ಹೊರಟುಬಿಟ್ಟೆ.

ಫೈಲಿನಲ್ಲಿದ್ದ ವಿಳಾಸ ಭಟ್ಕಳದ ಒಂದು ಕಾಲೇಜಿನದು. ಮರುದಿನ ಬೆಳಿಗ್ಗೆ ಮಲ್ಲಿಗೆ ಮಾರುವವರನ್ನು ದಾಟಿ ಅಲ್ಲಿಗೆ ಹೋದರೆ, ಜಟ್ಟಪ್ಪ ಹೊನ್ನಾವರದ ಕಾಲೇಜಿಗೆ ಹೋಗಿ ಯಾವ ಕಾಲವಾಯಿತು ಎಂದರು ಅಲ್ಲಿಯವರು. ಕೊಂಡ ಮಲ್ಲಿಗೆಯನ್ನು ಮುಡಿದು ಮತ್ತೆ ಬಸ್ಸು ಹತ್ತಿದೆ.

ನಾನು ಈ ಕರಾವಳಿಯನ್ನು ನೋಡಿದ್ದು ಅದೇ ಮೊದಲು, ಆದರೆ ಊರುಗಳ ಹೆಸರೆಲ್ಲ ಬಾಯಿಪಾಠ. ಇಡಗುಂಜಿಗೆ ತಿರುಗುವ ದಾರಿ ಬಂದಾಗ ಭಕ್ತರ ಖರ್ಚುವೆಚ್ಚದ ಬಗ್ಗೆ ಅರ್ಥಶಾಸ್ತ್ರದವರೊಬ್ಬರು ಬರೆದದ್ದು ನೆನಪಾಯಿತು. ಶರಾವತಿ ಸೇತುವೆಯ ಮೇಲೆ ಮುಂಬಯಿ ಸರ್ಕಾರದ ಕಾಲದ ಬಂದರು ಸುಂಕದ ಪ್ರಬಂಧ ನೆನಪಾಯಿತು. ಅದು ಇತಿಹಾಸ ವಿಭಾಗದ್ದು. ನದಿ ಎಷ್ಟು ಅಗಲವಿದೆ ಎಂದು ಮಾತ್ರ ಯಾವ ಶೀರ್ಷಿಕೆಯೂ ನನಗೆ ಹೇಳಿರಲಿಲ್ಲ. ಇಷ್ಟು ವರ್ಷ ಬರೀ ರಟ್ಟು ನೋಡಿ ಕಳೆದೆನಲ್ಲ ಎಂದುಕೊಂಡೆ.

ಹೊನ್ನಾವರದಲ್ಲಿ ಮೀನೂಟ ಚೆನ್ನಾಗಿತ್ತು, ಸುದ್ದಿ ಚೆನ್ನಾಗಿರಲಿಲ್ಲ. ಈ ವರ್ಷ ಪಿಎಚ್‌ಡಿ ಆದವರಿಗೇ ಮೊದಲು ಕೆಲಸ ಕೊಟ್ಟಿದ್ದರಿಂದ ಜಟ್ಟಪ್ಪ ನದಿಯ ಹೆಸರಿನದೇ ಊರಾದ ಅಘನಾಶಿನಿಯ ಮನೆಯಲ್ಲೇ ಇದ್ದಾರೆ ಎಂದು ಕಾಲೇಜಿನ ಗುಮಾಸ್ತರು ಹೇಳಿದರು. ಆ ರಾತ್ರಿ ಕುಮಟಾದಲ್ಲಿ ಉಳಿದು, ಮರುದಿನ ಅಲ್ಲಿಂದ ಬಸ್ಸು ಹಿಡಿದೆ.

ಮನೆ ನದಿಯ ದಂಡೆಗೇ ಇತ್ತು. ಜಟ್ಟಪ್ಪ ಜಗಲಿಯಲ್ಲಿ ಬಲೆಯ ಸಿಕ್ಕು ಬಿಡಿಸುತ್ತಿದ್ದವರು ಗಡಬಡಿಸಿ ಎದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ದೂರ ಎಂತಕ್ಕೆ ಬಂದ್ರಿ ಎಂದು ಕೇಳಿದರು, ಬೆಲ್ಲ ನೀರು ಕೊಟ್ಟರು. ಬಂದ ಕಾರಣ ಹೇಳಿದೆ. ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ತಂದಿಟ್ಟರು. ಪ್ರಬಂಧ ಬರೆದು ಮುಗಿದಿತ್ತು. ನನಗೆ ಸಿಟ್ಟೇ ಬಂತು.

“ಮತ್ತ ಯಾಕ ಕೊಡಲಿಲ್ರೀ?”

ಅವರು ಬಲೆಯನ್ನು ಬದಿಗೆ ಸರಿಸಿ ಕೂತರು. ಆಮೇಲೆ ಹೇಳಿದ್ದಿಷ್ಟು. ಹಿಂದೊಮ್ಮೆ ನಮ್ಮಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಅವರು ಬಳಚಿನ ತಾಣಗಳ ನಕ್ಷೆಯನ್ನು ಪರದೆಯ ಮೇಲೆ ತೋರಿಸಿದ್ದರು. ನನಗದು ನೆನಪಿತ್ತು, ಹಿಂದಿನ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದ್ದೆ. ಮುಂದಿನ ವರ್ಷ ಹೊರಗಿನ ಚಿಪ್ಪಿನ ವ್ಯಾಪಾರಿಗಳು ದೊಡ್ಡ ದೋಣಿ ತಂದು ನೆಟ್ಟಗೆ ಆ ಜಾಗಗಳಿಗೇ ಹೋದರು, ಮರಿ ಸಮೇತ ಬಳಿದುಕೊಂಡು ಹೋದರು. ಊರ ಹೆಂಗಸರು ಖಾಲಿ ಬುಟ್ಟಿ ಹಿಡಿದು ಬಂದರು. ಯಾರು ತೋರಿಸಿಕೊಟ್ಟರು ಎಂದು ಊರಿಗೆ ಇವತ್ತಿಗೂ ಗೊತ್ತಿಲ್ಲ.

“ನಾ ಆವತ್ತು ತೋರಿಸದ ಜಾಗ ಒಂದಿತ್ತು, ಅದನ್ನ ಅವ್ರು ಮುಟ್ಟಲಿಲ್ಲ. ಅದು ಐದನೇ ಅಧ್ಯಾಯ,” ಎಂದರು ಜಟ್ಟಪ್ಪ. “ಈಗ ಪ್ರಬಂಧ ಎಲ್ಲ ಇಂಟರ್‌ನೆಟ್ಟಿಗೆ ಹಾಕ್ತಾರಲ್ಲ ಮೇಡಂ.”

ಆದರೂ ಹಟ ಬಿಡದೆ, ಆ ಅಧ್ಯಾಯ ತೆಗೆದು ಉಳಿದದ್ದು ಕೊಡ್ರಿ ಎಂದೆ.

“ಅದು ತೆಗೆದ್ರೆ ಉಳಿದದ್ದೆಲ್ಲ ಬೇರೆಯವ್ರು ಮೊದಲೇ ಬರೆದದ್ದು. ನಂದು ಅಂತ ಇರೂದು ಅದೊಂದೇ.”

ಅಷ್ಟರಲ್ಲಿ ಅವರ ಹೆಂಡತಿ ಸಾವಿತ್ರಿ ಸೊಂಟದವರೆಗೆ ನೆಂದ ಸೀರೆಯಲ್ಲಿ ಬುಟ್ಟಿ ಹೊತ್ತು ಬಂದರು. ನಾನು ಯಾರೆಂದು ತಿಳಿದದ್ದೇ ನನ್ನ ಪಕ್ಷ ಹಿಡಿದರು. “ಆ ಜಾಗದಲ್ಲಿ ಹೆಕ್ಕೂದು ನಾನೇ ಅಲ್ದಾ? ನಾನೇ ಕೊಡಿ ಅಂದೆ. ಇವ್ರು ಮನೇಲಿ ಕೂತು ಬಲೆ ಬಿಡಸ್ತ್ರು, ಮಾತು ಕೇಳೂದಿಲ್ಲ.” ಊಟಕ್ಕೆ ಸಾವಿತ್ರಿ ಬಳಚಿಗೆ ಕಾಯಿತುರಿ ಹಾಕಿ ಮಾಡಿದ ಒಣ ಪಲ್ಯ, ಸುಕ್ಕ, ಬಡಿಸಿದರು. ನನಗೆ ಅಂಥ ರುಚಿ ಗೊತ್ತೇ ಇರಲಿಲ್ಲ, ಆದರೆ ಎರಡನೇ ಸಲ ಬಡಿಸಲು ಬಂದಾಗ ಕೈ ಅಡ್ಡ ಹಿಡಿದೆ.

ಕೈ ತೊಳೆಯುವಾಗ ಜಟ್ಟಪ್ಪ ಮೆಲ್ಲಗೆ ಕೇಳಿದರು: ಕೊನೆಯ ಪ್ರಗತಿ ವರದಿಯಲ್ಲೂ ಆ ಜಾಗದ ನಕ್ಷೆಯಿದೆ, ಮಾರ್ಗದರ್ಶಕರು ತೀರಿಕೊಂಡ ಮೇಲೆ ಅದನ್ನು ಯಾರೂ ನೋಡಿಲ್ಲ, ಅದು ಎಲ್ಲಿದೆ? ನನ್ನ ಚೀಲದಲ್ಲೇ ಇದೆ ಎಂದೆ. ಹಳೆಯ ಫೈಲುಗಳನ್ನೂ ಈಗ ಸ್ಕ್ಯಾನ್ ಮಾಡುತ್ತಿದ್ದಾರೆ ಎಂಬುದನ್ನೂ ಹೇಳಬೇಕಾಯಿತು. ಅವರ ಮುಖ ಇಳಿದುಹೋಯಿತು. ಕಚೇರಿಗೆ ಸೇರಿದ ಮೇಲೆ ಫೈಲಿನಿಂದ ಒಂದು ಚೀಟಿಯನ್ನೂ ಆಚೆ ಬಿಟ್ಟವಳಲ್ಲ ನಾನು. ಫೈಲನ್ನು ಜಗಲಿಯ ಮೇಲಿಟ್ಟು, “ನದಿ ನೋಡಿ ಬರ್ತೀನ್ರಿ, ತಡ ಆಗ್ತದ,” ಎಂದು ಹೇಳಿ ಎದ್ದುಹೋದೆ.

ಬೇಕೆಂದೇ ತಡಮಾಡಿದೆ. ನೀರು ಇಳಿದಿತ್ತು. ದೂರದಲ್ಲಿ ಹೆಂಗಸರು ಬಗ್ಗಿ ಕೆಸರು ತಡಕುತ್ತಿದ್ದರು. ಎಲ್ಲಿ ಎಂದು ಓದುಗರು ಕೇಳಬಾರದು, ನಾನು ಹೇಳುವುದಿಲ್ಲ. ಮರಳಿ ಬಂದಾಗ ಫೈಲು ದಾರ ಕಟ್ಟಿ ಸಿದ್ಧವಾಗಿತ್ತು. ನನ್ನನ್ನು ಬಸ್ಸಿಗೆ ಹತ್ತಿಸಲು ಇಬ್ಬರೂ ಬಂದರು. ಬಿಡುವಾದಾಗ ಬನ್ನಿ ಎಂದರು ಸಾವಿತ್ರಿ. ಜಟ್ಟಪ್ಪ ಬರೀ ಕೈ ಮುಗಿದರು.

ಕುಮಟಾದಲ್ಲಿ ನಮ್ಮೂರಿನ ಬಸ್ಸು ಹಿಡಿದೆ. ಘಟ್ಟ ಶುರುವಾದ ಮೇಲೆ ಫೈಲು ಬಿಚ್ಚಿದೆ. ಮೇಲೆ ಅವರ ದುಂಡಗಿನ ಅಕ್ಷರದಲ್ಲಿ, ನೋಂದಣಿ ರದ್ದುಪಡಿಸಬೇಕೆಂದು ಕೋರಿದ ಅರ್ಜಿ. ಅದರ ಕೆಳಗೆ ವರದಿಗಳೆಲ್ಲ ಇದ್ದ ಹಾಗೇ ಇದ್ದವು. ಕೊನೆಯ ವರದಿಯನ್ನು ತಿರುವಿದೆ. ನಕ್ಷೆಯೂ ಅಲ್ಲೇ ಇತ್ತು. ಪುಣ್ಯಾತ್ಮ ಮುಟ್ಟಿರಲಿಲ್ಲ.

ನದಿಯನ್ನು ನೀಲಿ ಪೆನ್ಸಿಲಿನಲ್ಲಿ ತೀಡಿದ್ದರು. ಪ್ರತಿ ದಿಬ್ಬಕ್ಕೂ ಊರ ಹೆಂಗಸರು ಕರೆಯುವ ಹೆಸರು, ಎಷ್ಟು ಇಳಿತಕ್ಕೆ ಎಷ್ಟು ನೀರು ಎಂಬ ಗುರುತು. ನನ್ನ ಮೇಜಿನ ಮೇಲೆ ಹಾದುಹೋದ ಕಾಗದಗಳಲ್ಲಿ ನಾನು ಪೂರ್ತಿ ಓದಿದ್ದು ಅದೊಂದನ್ನೇ. ಓದಿ ಮುಗಿದ ಮೇಲೆ ನಕ್ಷೆಯನ್ನು ಫೈಲಿನಿಂದ ಬಿಡಿಸಿಕೊಂಡು ಸಣ್ಣ ಸಣ್ಣ ಚೂರಾಗಿ ಹರಿದೆ. ಪಕ್ಕದಲ್ಲಿ ಕೂತ ಹೆಂಗಸು, ಬೇಡದ ಕಾಗದವೇ ಎಂದು ಕೇಳಿದರು. ಹೌದು ಎಂದೆ.