ಹನ್ನೆರಡು ತಟ್ಟೆಗಳ ಮಧ್ಯಾಹ್ನ

ಮೊನ್ನೆ ಹೊಸನಗರದ ಸಂತೆಯಿಂದ ಒಂದು ಮೊಳ ಬಾಳೆದಿಂಡು ತಂದಿದ್ದೆ. ಹೆಚ್ಚಲು ಕೂತಾಗ ಪ್ರತಿ ಬಿಲ್ಲೆಯ ಜೊತೆಗೂ ಜೇಡರ ಬಲೆಯಂಥ ಎಳೆ ಎದ್ದು ಬಂತು. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋದೆ. ಹತ್ತು ಬಿಲ್ಲೆ ಆಗುವಷ್ಟರಲ್ಲಿ ಬೆರಳಿನ ಮೇಲೆ ಬಿಳಿಯ, ಒದ್ದೆಯಾದ ಒಂದು ಉಂಗುರ. ಈ ಕೆಲಸ ನನಗೆ ಕಲಿಸಿದವರು ತೀರ್ಥಹಳ್ಳಿಯ ಮೆಸ್ಸಿನಮ್ಮ. ಕತ್ತಿ ಕೆಳಗಿಟ್ಟು ಉಂಗುರವನ್ನು ಬೆರಳಿನಿಂದ ಕಳಚಿದೆ.

ಆಗ ನಾನು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಒಂಟಿ ಮನುಷ್ಯ. ಮೆಸ್ಸಿನ ಹಿಂದಿನ ಕೋಣೆಯಲ್ಲೇ ವಾಸ. ಮೆಸ್ಸು ಅಂದರೆ ಒಂದು ಉದ್ದನೆಯ ಹಜಾರ, ಗೋಡೆಗೆ ತಾಗಿಸಿದ ಎರಡು ಬೆಂಚು, ಎದುರಿಗೆ ಕಿರಿದಾದ ಮೇಜು. ನನ್ನನ್ನೂ ಸೇರಿಸಿ ಹನ್ನೆರಡು ಜನ ಅಲ್ಲಿ ಊಟಕ್ಕೆ ಕೂರುತ್ತಿದ್ದೆವು. ಬ್ಯಾಂಕಿನವರು ಮೂವರು, ಸರ್ವೆ ಆಫೀಸಿನವರು, ಇಬ್ಬರು ಮೇಷ್ಟ್ರು, ಒಬ್ಬ ಕಂಪೌಂಡರ್. ನಾವೆಲ್ಲ ಅಮ್ಮ ಅನ್ನುತ್ತಿದ್ದ ಮೆಸ್ಸಿನಮ್ಮ ಅರಳಸುರಳಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಪೇಟೆಗೆ ಬಂದು ಮೆಸ್ಸು ಹಾಕಿದ್ದರು. ಮಕ್ಕಳಿರಲಿಲ್ಲ. ಅವರ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಕೊನೆಯವನು ಮಜ್ಜಿಗೆ ಅನ್ನ ಉಂಡು ಕೈ ತೊಳೆಯುವ ತನಕ ಅವರು ಬಾಯಿಗೆ ಒಂದು ಅಗುಳೂ ಹಾಕುತ್ತಿರಲಿಲ್ಲ. ಬಡಿಸುವವಳು ಮೊದಲು ಉಂಡರೆ ಕೈ ಸಣ್ಣದಾಗ್ತದೆ ಎಂದು ಅವರ ಅತ್ತೆ ಹೇಳಿದ್ದರಂತೆ. ಅಮ್ಮನಿಗೆ ಹಳೆಯ ಸಕ್ಕರೆ ಕಾಯಿಲೆ ಇತ್ತು. ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಸೀರೆ ಸರಿಸಿ ಇನ್ಸುಲಿನ್ ಸೂಜಿ ಚುಚ್ಚಿಕೊಂಡು, ಅಲ್ಲೇ ಮಣೆ ಹಾಕಿ ಒಂದು ತಟ್ಟೆ ಅನ್ನ ಉಣ್ಣುತ್ತಿದ್ದರು. ಹೇಗೋ ನಡೆದುಕೊಂಡು ಹೋಗಿತ್ತು.

ಲಾಕ್‌ಡೌನ್ ಎಂದ ದಿನ ಹನ್ನೊಂದು ಜನ ಸಿಕ್ಕ ಬೈಕು, ಸಿಕ್ಕ ಜೀಪು ಹತ್ತಿ ಊರಿಗೆ ಹೋದರು. ನಾನು ಹೋಗಲಿಲ್ಲ. ಸಾಗರದಲ್ಲಿ ಅಕ್ಕನ ಮನೆಯಲ್ಲಿ ಎಳೆಕೂಸು. ನನಗೆ ಆಗಷ್ಟೇ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಒಂದು ತಿಂಗಳಾಗಿತ್ತು. ಸಕ್ಕರೆ ಇದ್ದವರಿಗೆ ಕೊರೋನಾ ಬಂದರೆ ಕಷ್ಟ ಎಂದು ಟಿವಿಯಲ್ಲಿ ದಿನವಿಡೀ ಹೇಳುತ್ತಿದ್ದರು. ಹಗಲೆಲ್ಲ ಮೊಬೈಲಿನಲ್ಲಿ ಓದುವುದು, ವಿಡಿಯೋ ನೋಡುವುದು. ಓದಿದ್ದನ್ನೆಲ್ಲ ಅಮ್ಮನಿಗೆ ಹೇಳುವುದು. ಹೇಳಲು ಬೇರೆ ಯಾರೂ ಇರಲಿಲ್ಲವಲ್ಲ...

"ಅನ್ನ ಬಿಡಬೇಕು ಅಮ್ಮ. ನಾವಿಬ್ಬರೂ" ಎಂದೆ.

"ಅನ್ನ ಬಿಟ್ಟು ಎಂತ ಉಣ್ಣೂದು ಮಾರಾಯ್ರೆ, ಗೋಡೆ ಸುಣ್ಣನಾ?"

ಬೈದರು, ಆಮೇಲೆ ಒಪ್ಪಿದರು. ಒಪ್ಪಿದ ಮೇಲೆ ಅವರ ಕೈ ನನ್ನ ಓದನ್ನೆಲ್ಲ ಮೀರಿಸಿತು. ಅನ್ನದ ಜಾಗಕ್ಕೆ ಬಾಳೆದಿಂಡಿನ ಪಲ್ಯ ಬಂತು, ತೆಂಗಿನತುರಿ ಜಾಸ್ತಿ ಹಾಕಿ. ಒಂದೆಲಗದ ತಂಬುಳಿಯನ್ನು ಲೋಟದಲ್ಲಿ ಕುಡಿಯುವುದು. ಹಿತ್ತಿಲ ಹರಿವೆ, ಬಸಳೆ, ಎಳೆ ಹಲಸಿನ ಗುಜ್ಜೆ, ಎರಡು ಮೊಟ್ಟೆ. ಮೀನಿನ ವ್ಯಾನು ಬರುತ್ತಿರಲಿಲ್ಲ, ಒಣಗಿಸಿಟ್ಟ ಮೀನಿತ್ತು. ಅಕ್ಕಿಯ ಕಡುಬಿಗೆ ಹೆಸರಾದ ಮೆಸ್ಸಿನಲ್ಲಿ ಸೋರೆಕಾಯಿ ತುರಿದು, ಹಿಡಿ ಉದ್ದಿನಹಿಟ್ಟು ಸೇರಿಸಿ ಕಡುಬು ಬೆಂದಿತು. ಹಬೆಯಿಂದ ತೆಗೆದು ಮುಖ ಕಿವುಚಿ, "ನಮ್ಮತ್ತೆ ಇದ್ದಿದ್ರೆ ಇದನ್ನ ನನ್ ತಲೆಗೆ ಎಸೀತಿದ್ಳು" ಎಂದರು. ರುಚಿಯಾಗಿತ್ತು.

ಮನೆಯಲ್ಲಿ ಸಕ್ಕರೆ ಇದ್ದರೆ ಆಸೆಯಾಗುತ್ತದೆ ಎಂದು ನಾನೇ ಹಟ ಹಿಡಿದು ಸಕ್ಕರೆ ಡಬ್ಬ, ಬೆಲ್ಲದ ಅಚ್ಚು, ದೊಡ್ಡ ಸ್ಟೀಲು ಡಬ್ಬದಲ್ಲಿದ್ದ ಪಾಕದಂಥ ಜೋನಿಬೆಲ್ಲ, ಎಲ್ಲವನ್ನೂ ಹಿತ್ತಿಲ ಗೋಡೆಯಾಚೆಯ ಮನೆಯವರಿಗೆ ಕೊಡಿಸಿದೆ. ಬಿಸಿಲಿನಲ್ಲಿ ಯಾರೇ ಬಂದರೂ ಅಮ್ಮ ನೀರಿನ ಜೊತೆ ಒಂದು ತುಂಡು ಬೆಲ್ಲ ಇಡುತ್ತಿದ್ದರು. "ಯಾರಾದ್ರೂ ಬಂದ್ರೆ?" ಎಂದು ಕೇಳಿದರು. ಯಾರು ಬರುತ್ತಾರೆ ಈಗ ಎಂದೆ. ಅವರು ಡಬ್ಬದ ಮುಚ್ಚಳ ಒತ್ತಿ ಮುಚ್ಚಿದರು.

ಇನ್ನೊಂದನ್ನೂ ನಾನೇ ಹೇಳಿದ್ದೆ. ಇನ್ಸುಲಿನ್ ಅನ್ನು ಊಟಕ್ಕೆ ಇಪ್ಪತ್ತು ನಿಮಿಷ ಮೊದಲೇ ತೆಗೆದುಕೊಳ್ಳಬೇಕು, ನೀವು ಇಷ್ಟು ವರ್ಷ ತಪ್ಪು ಮಾಡಿದ್ದೀರಿ ಎಂದು. ಪುಸ್ತಕದ ಪ್ರಕಾರ ಅದು ಸರಿಯೇ. ಅವತ್ತಿನಿಂದ ಗಡಿಯಾರ ನೋಡಿ ಹನ್ನೆರಡು ನಲವತ್ತಕ್ಕೆ ಸೂಜಿ, ಒಂದಕ್ಕೆ ನನಗೆ ಬಡಿಸುವುದು, ನಾನು ಎದ್ದ ಮೇಲೆ ಅವರ ಊಟ. ಆ ಪದ್ಧತಿ ಮಾತ್ರ ಬದಲಾಗಲಿಲ್ಲ. ಒಟ್ಟಿಗೆ ಕೂರಿ ಎಂದು ಒಂದೆರಡು ಸಲ ಕರೆದಿದ್ದೆ. "ಹೋಗಿ ಮೇಷ್ಟ್ರೆ, ಅಷ್ಟು ಕೆಟ್ಟು ಹೋಗಿಲ್ಲ ನಾನು" ಎಂದು ನಕ್ಕಿದ್ದರು. ಬರೇ ಹತ್ತು ನಿಮಿಷದ ಊಟ ನನ್ನದು, ಅಷ್ಟರಲ್ಲಿ ಏನಾಗುತ್ತದೆ ಎಂದುಕೊಂಡೆ. ಸೂಜಿಯ ಅಳತೆ ಮಾತ್ರ ಹಳೆಯದೇ, ಒಂದು ತಟ್ಟೆ ಅನ್ನಕ್ಕೆ ಹೊಂದಿಸಿ ಡಾಕ್ಟರು ಬರೆದಿದ್ದ ಅಳತೆ. ಅನ್ನ ಹೋಯಿತು, ಅಳತೆ ಉಳಿಯಿತು. ದಿನಾ ಬೋರ್ಡಿನ ಮೇಲೆ ಸಮೀಕರಣ ಸರಿದೂಗಿಸುತ್ತಿದ್ದವನಿಗೆ ಇದೊಂದು ಹೊಳೆಯಲಿಲ್ಲ.

ಮೊದಲ ಹದಿನೈದು ದಿನ ಬೆರಳು ಚುಚ್ಚಿ ಮಿಷನ್ನಿನಲ್ಲಿ ನೋಡುತ್ತಿದ್ದೆವು. ಅಮ್ಮನ ಸಕ್ಕರೆ ಇಳಿಯುತ್ತಾ ಬಂತು. "ಪಾಸಾದ್ರಿ" ಎಂದು ನಾನು ಚಪ್ಪಾಳೆ ತಟ್ಟಿದ್ದೂ ಉಂಟು. ಆಮೇಲೆ ಮಿಷನ್ನಿಗೆ ಹಾಕುವ ಸ್ಟ್ರಿಪ್ಪು ಮುಗಿಯಿತು, ಅಂಗಡಿಯಲ್ಲಿ ಸಿಗಲಿಲ್ಲ. ಆಗಾಗ ಅವರು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಎಂತ ಸೆಕೆ ಮಾರಾಯ್ರೆ, ಕೈಕಾಲೆಲ್ಲ ನಡುಕ" ಅನ್ನುತ್ತಿದ್ದರು. ಏಪ್ರಿಲ್ ಅಲ್ಲವೇ, ಸೆಕೆಯೇ ಇರಬೇಕು ಎಂದುಕೊಂಡೆ.

ಆ ದಿನಗಳಲ್ಲಿ ಅವರಿಗೊಂದು ತಮಾಷೆ ಅಭ್ಯಾಸವಾಗಿತ್ತು. ಖಾಲಿ ಬೆಂಚುಗಳ ಜೊತೆ ಮಾತಾಡುವುದು. ನನಗೆ ಬಡಿಸುತ್ತಾ ಪಕ್ಕದ ಖಾಲಿ ಜಾಗಕ್ಕೆ, "ಎಂತ ಬ್ಯಾಂಕಿನವ್ರೆ, ಇವತ್ತು ಉಪ್ಪಿಲ್ಲ ಖಾರ ಇಲ್ಲ ಅನ್ನೂದಿಲ್ವಾ?" ಎಂದು ಕೇಳುವುದು. ನಾನು ಬ್ಯಾಂಕಿನವರ ದನಿಯಲ್ಲಿ ಉತ್ತರ ಕೊಡುವುದು. ಇಬ್ಬರೂ ನಗುವುದು. ನಕ್ಕು ಮುಗಿದ ಮೇಲೆ ಹಜಾರ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಆ ದಿನ ಹನ್ನೊಂದೂವರೆಗೆ ಸ್ಟ್ರಿಪ್ಪು ಬಂದಿದೆಯಾ ನೋಡಲು ಮೆಡಿಕಲ್ಲಿಗೆ ಹೋದೆ. ದೂರ ದೂರ ನಿಲ್ಲಲೆಂದು ನೆಲಕ್ಕೆ ಬರೆದ ಸುಣ್ಣದ ವೃತ್ತದಲ್ಲಿ ನಿಂತು ನನ್ನ ಸರದಿ ಬಂದಾಗ, "ಇಲ್ಲ ಸಾರ್, ಶಿವಮೊಗ್ಗದಿಂದ ಗಾಡಿನೇ ಬಂದಿಲ್ಲ" ಎಂದರು. ಹಾಗೇ ವಾಪಸು ಬರಬೇಕಿತ್ತು. ಬರಲಿಲ್ಲ. ಸೇತುವೆಯ ಕಡೆ ನಡೆದೆ. ಒಂದು ವಾಹನವಿಲ್ಲ, ಒಬ್ಬ ಮನುಷ್ಯನಿಲ್ಲ. ತುಂಗೆಯ ನೀರು ಇಳಿದು ಬಂಡೆಗಳೆಲ್ಲ ಬೆನ್ನು ತೋರಿಸಿ ಮಲಗಿದ್ದವು. ಕಟ್ಟೆಗೆ ಒರಗಿ ನಿಂತೆ. ಜಗತ್ತಿನಲ್ಲಿ ನಾನೊಬ್ಬನೇ ಉಳಿದಿದ್ದೇನೆ ಎಂಬಂಥ ಒಂದು ದುಃಖ, ಅದರಲ್ಲೊಂದು ಸುಖ... ಎಷ್ಟು ಹೊತ್ತು ನಿಂತೆನೋ. ನನಗಾಗಿ ಒಬ್ಬರು ಊಟ ಮಾಡದೆ ಕಾಯುತ್ತಿದ್ದಾರೆ ಎಂಬುದು ಆ ಹೊತ್ತಿನಲ್ಲಿ ಒಮ್ಮೆಯೂ ನೆನಪಾಗಲಿಲ್ಲ. ಇದನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ನೆನಪಾಗಲಿಲ್ಲ, ಅಷ್ಟೇ.

ಮೆಸ್ಸಿಗೆ ಬಂದಾಗ ಎರಡು ಗಂಟೆಗೆ ಹತ್ತು ನಿಮಿಷ ಬಾಕಿ. ಮೇಜಿನ ಮೇಲೆ ಹನ್ನೆರಡು ತಟ್ಟೆ ಇಟ್ಟಿತ್ತು. ಹನ್ನೆರಡು ಲೋಟ. ಅಮ್ಮ ಪಲ್ಯದ ಪಾತ್ರೆ ಹಿಡಿದು ಒಂದೊಂದೇ ತಟ್ಟೆಗೆ ಬಡಿಸುತ್ತಾ ಬರುತ್ತಿದ್ದರು.

"ಬಂದ್ರಾ ಮೇಷ್ಟ್ರೆ? ನಿಮ್ದೊಂದೇ ತಡ. ಎಲ್ರೂ ಕೂತಾಯ್ತು."

ನಾನು ನಕ್ಕೆ. ತಮಾಷೆಯನ್ನು ಇವತ್ತು ಜೋರಾಗಿಯೇ ಮಾಡಿದ್ದಾರೆ ಎಂದುಕೊಂಡೆ. ಕೈ ತೊಳೆದು ನನ್ನ ಜಾಗದಲ್ಲಿ ಕೂತು, "ಬ್ಯಾಂಕಿನವರಿಗೆ ಇನ್ನೊಂದು ಸೌಟು ಹಾಕಿ ಅಮ್ಮ, ಸೊರಗಿದ್ದಾರೆ" ಎಂದೆ. ಅವರು ಹಾಕಿದರು. ನಾನು ಉಣ್ಣತೊಡಗಿದೆ. ಹಸಿವಾಗಿತ್ತು. ಪಲ್ಯ ಮುಗಿಸಿದೆ, ಮೊಟ್ಟೆ ತಿಂದೆ, ತಂಬುಳಿ ಕುಡಿದೆ. ಅವರು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇದ್ದರು. ಒಂದು ಸಲ ತಲೆ ಎತ್ತಿ ನೋಡಿದಾಗ ಅವರ ರವಿಕೆ ಬೆನ್ನೆಲ್ಲ ಒದ್ದೆ. ಮಜ್ಜಿಗೆಯನ್ನು ಲೋಟದ ಪಕ್ಕಕ್ಕೆ, ಬರೀ ಮೇಜಿಗೆ, ಹುಯ್ಯುತ್ತಿದ್ದರು. ಅದು ಹರಿದು ನನ್ನ ಮಡಿಲಿಗೆ ಬಂತು.

"ಅಮ್ಮ?"

ಅವರು ನನ್ನನ್ನು ನೋಡಿದರು. "ಯಾರ್ರೀ ನೀವು? ಹೊಸಬ್ರಾ?" ಎಂದರು. ಬಹಳ ಮರ್ಯಾದೆಯಿಂದ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಕೆಳಗೆ ಜಾರಿದರು.

ಆಗ ಗೊತ್ತಾಯಿತು. ಎಲ್ಲವೂ ಒಟ್ಟಿಗೆ ಗೊತ್ತಾಯಿತು. ಹನ್ನೆರಡು ನಲವತ್ತಕ್ಕೆ ಸೂಜಿ ಹೋಗಿದೆ, ಹೊಟ್ಟೆಗೆ ಏನೂ ಹೋಗಿಲ್ಲ. ಅಡುಗೆಮನೆಗೆ ಓಡಿ ಡಬ್ಬಗಳನ್ನೆಲ್ಲ ತೆಗೆದೆ. ಮೆಂತೆ, ಕೊತ್ತಂಬರಿ, ಉದ್ದು. ಸಿಹಿಯೆಂಬುದು ಒಂದು ಚಿಟಿಕೆ ಇಲ್ಲ. ಇಲ್ಲದಂತೆ ಮಾಡಿದವನು ನಾನೇ. ಹಿತ್ತಿಲಿಗೆ ಓಡಿ ಗೋಡೆಯ ಮೇಲಿಂದ ಕಿರುಚಿದೆ.

ಆಚೆ ಮನೆಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲೇ ನಿಂತಳು. "ಎಂತಾಯ್ತು? ಜ್ವರನಾ? ಕೆಮ್ಮುಂಟಾ?"

"ಅಲ್ಲ, ಶುಗರ್! ಶುಗರ್ ಇಳಿದಿದೆ. ಸಕ್ಕರೆ ಕೊಡಿ, ಬೇಗ!"

"ಶುಗರ್ ಇದ್ದವ್ರಿಗೆ ಸಕ್ಕರೆ ಕೊಡ್ತಾರಾ? ಓದಿದವ್ರು ನೀವು, ಕೊಂದು ಹಾಕ್ತೀರಾ ಅವ್ರನ್ನ?"

ಅವಳು ಹೇಳಿದ್ದು ತಪ್ಪಲ್ಲ. ಒಂದು ತಿಂಗಳಿನಿಂದ ಸಕ್ಕರೆ ವಿಷ ಎಂದು ಅದೇ ಗೋಡೆಯ ಮೇಲಿಂದ ಭಾಷಣ ಮಾಡಿದವನು ನಾನು. ಕೈ ಮುಗಿದೆ. ಅಳುತ್ತಿದ್ದೆ ಎಂದು ಆಮೇಲೆ ಅವಳೇ ಹೇಳಿದಳು. ಒಳಗೆ ಹೋಗಿ ಡಬ್ಬ ತಂದು ಗೋಡೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು. ನಾವೇ ಕೊಟ್ಟಿದ್ದ ಜೋನಿಬೆಲ್ಲದ ಡಬ್ಬ.

ಅಮ್ಮನ ಕಣ್ಣು ಅರ್ಧ ತೆರೆದಿತ್ತು, ನೋಟವಿರಲಿಲ್ಲ. ಮಗ್ಗುಲಿಗೆ ಹೊರಳಿಸಿ, ಬೆರಳನ್ನು ಆ ಕಪ್ಪು ಪಾಕದಲ್ಲಿ ಅದ್ದಿ ಕೆನ್ನೆಯ ಒಳಗೆ, ವಸಡಿಗೆ ಸವರಿದೆ. ಮತ್ತೆ ಅದ್ದಿದೆ, ಮತ್ತೆ ಸವರಿದೆ. ತಿಂಗಳಿನಿಂದ ಒಬ್ಬ ಮನುಷ್ಯನನ್ನೂ ಮುಟ್ಟಿರದ ಕೈ ಅದು. ಅವರ ಬಾಯಿಯೊಳಗಿನ ಬಿಸಿ, ಹಲ್ಲಿನ ಅಂಚು, ಗಲ್ಲಕ್ಕೆ ಇಳಿದ ಬೆಲ್ಲ... ಗಡಿಯಾರದ ಸದ್ದು ಕೇಳುತ್ತಿತ್ತು. ಉಸಿರಿದೆಯಾ ಎಂದು ಬಗ್ಗಿ ನೋಡುವುದು, ಮತ್ತೆ ಸವರುವುದು. ಹಿತ್ತಿಲ ಬಾಗಿಲಿನ ಹೊರಗಿಂದ ಆ ಹೆಂಗಸು, "ಉಂಟಾ? ಜೀವ ಉಂಟಾ?" ಎಂದು ಕೇಳುತ್ತಲೇ ಇದ್ದಳು. ಯಾವಾಗ ಗೋಡೆ ದಾಟಿ ಬಂದಳೋ.

ಎಷ್ಟೋ ಹೊತ್ತಿನ ಮೇಲೆ ನನ್ನ ಬೆರಳಿಗೆ ಅವರ ನಾಲಿಗೆ ತಾಗಿತು. ಚಪ್ಪರಿಸಿದರು. ಕಣ್ಣು ನನ್ನ ಮುಖದ ಮೇಲೆ ಬಂದು ನಿಂತಿತು. ಕೇಳಿದ ಮೊದಲ ಮಾತು, "ನಿಮ್ದು ಊಟ ಆಯ್ತಾ?"

ಆಗಿತ್ತು. ಹೊಟ್ಟೆ ತುಂಬ ಆಗಿತ್ತು.

ಸಂಜೆ ಡಾಕ್ಟರು ಬೈದರು. "ಅನ್ನ ಬಿಟ್ಟೋರು ಇನ್ಸುಲಿನ್ ಕಮ್ಮಿ ಮಾಡೋದು ಬೇಡ್ವಾ? ಯಾರು ಹೇಳ್ಕೊಟ್ಟಿದ್ದು ಇದನ್ನ ನಿಮಗೆ?" ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ನಾನೇ ಮಾಡ್ಕಂಡಿದ್ದು ಡಾಕ್ಟ್ರೆ, ತೆಳ್ಳಗಾಗೋಣ ಅಂತ" ಎಂದರು. ಮಾಸ್ಕಿನ ಮೇಲೆ ಅವರ ಕಣ್ಣು ನನ್ನ ಕಡೆ ತಿರುಗಲೇ ಇಲ್ಲ.

ಸೂಜಿಯ ಅಳತೆ ಅರ್ಧಕ್ಕಿಂತ ಕಡಿಮೆಯಾಯಿತು. ಊಟ ಹಾಗೇ ಮುಂದುವರಿಯಿತು, ಆದರೆ ಅವತ್ತಿನಿಂದ ನಾನು ಅವರ ತಟ್ಟೆ ಹಾಕದೆ ನನ್ನ ತಟ್ಟೆ ಮುಟ್ಟಲಿಲ್ಲ. ಮೊದಲ ದಿನ ಅವರು ಎದುರು ಬೆಂಚಿನ ತುದಿಯಲ್ಲಿ, ಬಸ್ಸಿನಲ್ಲಿ ಅಪರಿಚಿತರ ಪಕ್ಕ ಕೂತ ಹಾಗೆ ಕೂತರು. ತುತ್ತು ಎತ್ತಲು ನಾಚಿಕೆ. "ಹಿಂಗೆ ನೋಡ್ತಾ ಕೂತ್ರೆ ಎಂತ ಉಣ್ಣೂದು, ಆ ಕಡೆ ತಿರುಗಿ" ಎಂದರು. ನಾನು ಗೋಡೆಗೆ ಮುಖ ಮಾಡಿ ಉಂಡೆ. ಜೂನ್ ಬರುವ ತನಕ ಹೀಗೇ ಉಂಡೆವು. ನನ್ನ ಬದುಕಿನಲ್ಲಿ ಯಾರೊಂದಿಗೂ ಅಷ್ಟು ದಿನ ಒಟ್ಟಿಗೆ ಉಂಡಿಲ್ಲ.

ಆಮೇಲೆ ಬೆಂಚು ಮತ್ತೆ ತುಂಬಿತು. ಹಳೆಯವರು ಕೆಲವರು, ಹೊಸಬರು ಕೆಲವರು. ನನಗೆ ಹೊಸನಗರಕ್ಕೆ ವರ್ಗವಾಯಿತು. ಮಧ್ಯಾಹ್ನ ಒಂದಕ್ಕೆ ಫೋನು ಮಾಡುತ್ತಿದ್ದೆ. ಮೊದಲು ದಿನಾ, ಆಮೇಲೆ ವಾರಕ್ಕೆ, ಆಮೇಲೆ ನೆನಪಾದಾಗ. ಹಿಂದಿನಿಂದ ತಟ್ಟೆ ಲೋಟಗಳ ಸದ್ದು, ಯಾರೋ ಸಾರು ಕೇಳುವುದು. "ಉಂಡ್ರಾ ಅಮ್ಮ?" ಎಂದರೆ, "ಹ್ಞೂ, ಆಯ್ತಾಯ್ತು" ಎಂದು ಬಿಡುವರು. ಆ ಸದ್ದಿನ ನಡುವೆ ಅವರ ಊಟ ಆಗಿರಲು ಸಾಧ್ಯವೇ ಇಲ್ಲ ಎಂದು ನನಗೆ ಗೊತ್ತಿರುತ್ತಿತ್ತು. ಆದರೂ ಫೋನು ಇಡುತ್ತಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿಸಿದ್ದು ಹಿತ್ತಿಲಾಚೆಯ ಮನೆಯ ಅದೇ ಹೆಂಗಸು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಅಡುಗೆಮನೆಯಲ್ಲಿ ಒರಗಿದ್ದರಂತೆ, ನಿದ್ದೆ ಅಂದುಕೊಂಡರಂತೆ. "ಎಲ್ರಿಗೂ ಬಡಿಸಿ ಆಗಿತ್ತು ಮೇಷ್ಟ್ರೆ. ಹತ್ತು ಜನ ಉಂಡು ಹೋಗಿದ್ರು" ಎಂದಳು. ಇನ್ನೇನೋ ಹೇಳಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದಳು. ನಾನೂ ಮುಂದಕ್ಕೆ ಕೇಳದೆ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ವಯಸ್ಸಾಗಿತ್ತು, ಹೃದಯವೂ ಇರಬಹುದು, ಏನೂ ಇರಬಹುದು. ಅವಳ ನಂಬರು ನನ್ನ ಫೋನಿನಲ್ಲಿದೆ. ಅವತ್ತು ಅಮ್ಮ ಸೂಜಿ ತೆಗೆದುಕೊಂಡಿದ್ದು ಯಾವಾಗ, ಒಲೆಯ ಪಕ್ಕ ಅವರ ತಟ್ಟೆ ಉಂಡು ತೊಳೆದದ್ದೋ ಉಣ್ಣದೆ ಒಣಗಿದ್ದೋ, ಎರಡೇ ಮಾತು ಕೇಳಿದರೆ ಸಾಕು. ಎಷ್ಟೋ ಮಧ್ಯಾಹ್ನ ನಂಬರಿನ ತನಕ ಹೋಗಿದ್ದೇನೆ. ಅವಳು ಅಮ್ಮನ ಹಾಗಲ್ಲ, ನನ್ನ ಸಮಾಧಾನಕ್ಕೆಂದು ಸುಳ್ಳು ಹೇಳುವವಳಲ್ಲ. ಅದಕ್ಕೇ ಇನ್ನೂ ಕೇಳಿಲ್ಲ.