ಬಿಳಿ ಕುದುರೆ ತಿನ್ನದೆ ಬಿಟ್ಟ ಹುಲ್ಲು

ಮಾಗಿಯ ಚಳಿಯಲ್ಲಿ ಬಯಲಿನಲ್ಲಿ ನಿಲ್ಲುವ ಕುದುರೆಯನ್ನು ಬೆಚ್ಚಗಿಡುವುದು ಕಂಬಳಿಗಿಂತ ಹೆಚ್ಚಾಗಿ ಅದರ ಹೊಟ್ಟೆಯೊಳಗಿನ ಹುಲ್ಲು. ರಾತ್ರಿಯಿಡೀ ಅದು ಸ್ವಲ್ಪ ಸ್ವಲ್ಪವಾಗಿ ಅಗಿಯುತ್ತಿರಬೇಕು. ಹೊಟ್ಟೆ ಬಹಳ ಹೊತ್ತು ಬರಿದಾಗಿದ್ದರೆ ಚಳಿಯೂ ಹಿಡಿಯುತ್ತದೆ, ಹೊಟ್ಟೆನೋವೂ ಬರುತ್ತದೆ. ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೆನೆಂದರೆ, ನನ್ನ ಗೆಳೆಯ ಅದನ್ನು ನನ್ನದೇ ದನಿಯಲ್ಲಿ ಅಣಕಿಸಿ ತೋರಿಸುತ್ತಿದ್ದ.

ನಮ್ಮ ಬಳಿ ಇದ್ದವು ಎರಡು ಹೆಣ್ಣು ಕುದುರೆಗಳು. ಬಿಳಿಯದು ವರ್ಷಗಟ್ಟಲೆ ಮದುವೆ ಮೆರವಣಿಗೆಗಳಲ್ಲಿ ವರನನ್ನು ಹೊತ್ತದ್ದು. ಕಂದು ಬಣ್ಣದ್ದು ಅದರ ಮುದಿ ಜೊತೆಗಾತಿ. ಹೊನ್ನಾಳಿಯ ಮಾಲೀಕರು ಆ ಕಸುಬು ಬಿಟ್ಟಾಗ ನಾನೂ ಗೆಳೆಯನೂ ಸೇರಿ ಎರಡನ್ನೂ ತಂದೆವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾವಿಬ್ಬರೂ ಜೋಡಿ. ನಾನು ನಂಬಿದ ಪಕ್ಷವನ್ನು ಮಾತ್ರ ಚೆನ್ನಾಗಿ ವಾದಿಸಬಲ್ಲವನು. ಅವನು ಚೀಟಿಯಲ್ಲಿ ಯಾವ ಪಕ್ಷ ಬಂದರೂ ಸರಿ. ನ್ಯಾಮತಿಯ ಒಂದು ಸಣ್ಣ ಸಭೆಯಲ್ಲಿ ಇಬ್ಬರೂ ಎದ್ದು ನಿಂತು, ಈ ಕುದುರೆಗಳನ್ನು ಇನ್ನೆಂದೂ ಪಟಾಕಿ ಮತ್ತು ಡಿಜೆಯ ನಡುವೆ ನಿಲ್ಲಿಸುವುದಿಲ್ಲವೆಂದು ಮಾತು ಕೊಟ್ಟಿದ್ದೆವು.

ನ್ಯಾಮತಿಯ ಅಂಚಿನಲ್ಲಿ ಅವನ ಮನೆಯವರ ಖಾಲಿ ಜಾಗವಿತ್ತು. ಸೂರಿಲ್ಲ, ಒಂದು ಹುಣಸೆಮರ, ಸುತ್ತ ಮುಳ್ಳುಬೇಲಿ, ಒಂದರ ಪಾಲನ್ನು ಇನ್ನೊಂದು ಕಸಿಯದಂತೆ ನಡುವೆ ಬಿದಿರಿನ ಅಡ್ಡಗಟ್ಟು. ನಾನಿರುವುದು ಹೊನ್ನಾಳಿಯಲ್ಲಿ. ಕೆಲಸಕ್ಕೆ ಮುಂಚೆ ಬೈಕಿನಲ್ಲಿ ಬಂದು ಹಗಲಿನ ಮೇವು ಕಟ್ಟುವುದು ನಾನು. ಸಂಜೆ ಬಂದು ರಾತ್ರಿಯ ಮೇವು ಕಟ್ಟುವುದು ಅವನು. ನಡುವೆ ಯಾರೂ ಬರುವಂತಿರಲಿಲ್ಲ. ಆದ್ದರಿಂದ ಸಣ್ಣ ಕಣ್ಣಿನ ಹಗ್ಗದ ಬಲೆಚೀಲಗಳನ್ನು ಹೆಣೆಸಿದ್ದೆವು. ರಾಗಿಹುಲ್ಲನ್ನು ಅವುಗಳಲ್ಲಿ ಒತ್ತಿ ತುಂಬಿ ಮರಕ್ಕೆ ಕಟ್ಟಿದರೆ, ಕುದುರೆ ಎಳೆ ಎಳೆಯಾಗಿ ಹಿರಿದು ತಿನ್ನಬೇಕಾಗುತ್ತದೆ. ಮುಂದಿನ ಭೇಟಿಯವರೆಗೂ ಮೇವು ಬಾಳುತ್ತದೆ.

ಹುಲ್ಲು ಬಂದದ್ದು ಜಗಳೂರು ಕಡೆಯಿಂದ. ಬಿಳಿಚೋಡಿನಲ್ಲಿ ನಾನು ಮೇವಿಗಾಗಿ ಮನವಿ ಮಾಡಿ ಮಾತಾಡಿದ ಕೆಲವೇ ದಿನಗಳಲ್ಲಿ ಒಂದು ಟ್ರ್ಯಾಕ್ಟರ್ ತುಂಬ ಬಂದಿಳಿಯಿತು. "ನಿನ್ನ ಭಾಷಣ ಕೆಲಸ ಮಾಡೈತೆ ಮಾರಾಯ," ಎಂದು ಗೆಳೆಯ ಫೋನ್ ಮಾಡಿದ. ಮಳೆಯನ್ನೇ ನಂಬಿದ ರೈತರು ತಮ್ಮ ದನಗಳ ಪಾಲಿನಿಂದ ತೆಗೆದು ಕೊಟ್ಟರೆಂದು ನಾನು ಅಲ್ಲಿಂದ ಮುಂದೆ ಹೋದಲ್ಲೆಲ್ಲ ಹೇಳಿದೆ.

ಕಾರ್ತಿಕ ಕಳೆದ ಮೇಲೆ ಕೆಲವು ಬೆಳಿಗ್ಗೆಗಳಲ್ಲಿ ಬಿಳಿಯದರ ಬಲೆ ಕಟ್ಟಿದಂತೆಯೇ ದುಂಡಗಿರುತ್ತಿತ್ತು. ಒಂದು ಎಳೆಯೂ ಹೊರಬಂದಿರುತ್ತಿರಲಿಲ್ಲ. ಕಂದು ಕುದುರೆ ಬೇಲಿಯುದ್ದಕ್ಕೂ ಹೋಗಿ ಬಂದು ಮಣ್ಣು ತುಳಿದು ದಾರಿಯನ್ನೇ ಮಾಡಿರುತ್ತಿತ್ತು. ಚಳಿ ತಾಳದೆ ನಡೆದಾಡಿದೆ ಎಂದುಕೊಂಡೆ.

"ಇವತ್ತೂ ಬಿಳಿಯದು ಮುಟ್ಟಿಲ್ಲ ಕಣೋ," ಎಂದು ಗೆಳೆಯನಿಗೆ ಫೋನ್ ಮಾಡಿದೆ.

"ಅದಕ್ಕೂ ನಿನ್ನ ಒಣ ಉಪದೇಶ ಕೇಳಿ ಕೇಳಿ ಬ್ಯಾಸರ ಬಂದೈತೆ. ಬೆಲ್ಲದ ನೀರು ಚಿಮುಕ್ಸಿ ನೋಡು."

ಚಿಮುಕಿಸಿದೆ. ಅಂಗಿಯ ಜೇಬಿನಲ್ಲಿ ಅಚ್ಚುಬೆಲ್ಲದ ತುಂಡು ಇಟ್ಟುಕೊಂಡು ಹೋಗಿ ಕೈಯಾರೆ ತಿನ್ನಿಸಿದೆ. ಪಶುವೈದ್ಯರನ್ನು ಕರೆಸಿದೆ; ಅವರು ಹಲ್ಲು ನೋಡಿ, ಹೊಟ್ಟೆಯ ಸದ್ದು ಕೇಳಿ, "ಏನೂ ಇಲ್ರೀ, ಚೆನ್ನಾಗೈತೆ. ಸ್ವಲ್ಪ ದಣಿದಂಗೈತೆ, ಅಷ್ಟೆ," ಎಂದರು. ನಿಂತಲ್ಲೇ ನಿಂತ ಕುದುರೆ ದಣಿಯುವುದು ಹೇಗೆಂದು ನನಗೆ ಹೊಳೆಯಲಿಲ್ಲ. ವೈದ್ಯರು ಹೇಳಿದ್ದನ್ನು ಗೆಳೆಯನಿಗೆ ತಿಳಿಸಿದಾಗ ಅವನು ಚಿಂತೆಯ ದನಿಯಲ್ಲಿ, "ವಯಸ್ಸಾತಲ್ಲ, ಹುರುಳಿ ಬೇಯಿಸಿ ಹಾಕಾಕೆ ಶುರು ಮಾಡಾಣ," ಎಂದ.

ಆ ವಾರ ಚನ್ನಗಿರಿಯಲ್ಲಿ ಸಹೋದ್ಯೋಗಿಯೊಬ್ಬರ ಮಗನ ಮದುವೆ. ಸಂಜೆ ಬಸ್ಸಿಳಿದು ಕಲ್ಯಾಣಮಂಟಪದ ಕಡೆ ನಡೆಯುವಾಗ ವರನ ಮೆರವಣಿಗೆ ಎದುರಾಯಿತು. ದಾರಿ ಬಿಟ್ಟು ಪಕ್ಕಕ್ಕೆ ನಿಂತೆ. ಜರಿಯ ಜೂಲು ಹೊದ್ದ ಕುದುರೆ, ಹಣೆಗೆ ಕನ್ನಡಿಯ ಪಟ್ಟಿ. ನನ್ನ ಎದುರಿಗೆ ಬಂದದ್ದೇ ಅದು ನಿಂತುಬಿಟ್ಟಿತು. ಕತ್ತು ಚಾಚಿ ನನ್ನ ಅಂಗಿಯ ಜೇಬಿಗೆ ಮೂತಿ ತೂರಿಸಿತು. ಮೇಲೆ ಕೂತ ವರ ಪೇಟ ಹಿಡಿದುಕೊಂಡ.

"ಏನ್ರೀ, ಕುದುರೆ ನಿಮ್ಮ ಕಡೆ ಬೀಗರೇನು?" ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು. ಡಿಜೆಯ ಹೊಡೆತಕ್ಕೆ ಅದರ ಚರ್ಮ ಅಲೆಯಲೆಯಾಗಿ ಅದುರುತ್ತಿತ್ತು. ಜೇಬಿನಲ್ಲಿ ಆ ದಿನ ಬೆಲ್ಲವಿರಲಿಲ್ಲ.

ಗೆಳೆಯ ಹಿಂದೆ, ಕುದುರೆ ತಂದ ಟೆಂಪೋಗೆ ಒರಗಿ ನಿಂತಿದ್ದ. ನನ್ನನ್ನು ಕಂಡು ಬೆಚ್ಚಲಿಲ್ಲ.

"ಬಾ. ಎದುರಾಳಿ ವಾದ ಪೂರ್ತಿ ಕೇಳ್ಬೇಕು ಅಂತ ನೀನೇ ಹೇಳ್ತಿದ್ದೆ. ಕೇಳು. ಬಿಳಿಚೋಡಿನವರು ನಿನ್ನ ಭಾಷಣಕ್ಕೆ ಚಪ್ಪಾಳೆ ಕೊಟ್ರು, ಹುಲ್ಲು ಕೊಡ್ಲಿಲ್ಲ. ಹುಲ್ಲನ್ನ ಈ ಕುದುರೆನೇ ದುಡಿದು ತಂದೈತೆ, ಮದುವೆ ಮುಂಗಡದ ದುಡ್ಡಾಗೆ."

"ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಇನ್ನೊಂದು ಸಭೆ ಕರೀತಿದ್ದೆ. ಅಷ್ಟೊತ್ತಿಗೆ ಇವೆರಡೂ ಉಪವಾಸ ಬೀಳ್ತಿದ್ವು."

ಅವನ ವಾದದಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲವೆಂದಲ್ಲ, ಹುಡುಕುವುದೇ ಸಾಕೆನ್ನಿಸಿತು. ಬೇರೆಯದೇ ಕೇಳಿದೆ: "ರಾತ್ರಿ ಅದು ಅಲ್ಲಿ ಇರ್ತಿರ್ಲಿಲ್ಲ, ನಾನು ಬರೋ ಹೊತ್ತಿಗಷ್ಟೇ ವಾಪಸ್ ತರ್ತಿದ್ದೆ. ಮತ್ತೆ ಬಲೆ ಯಾಕೆ ತುಂಬಿ ಕಟ್ತಿದ್ದೆ?"

ಅವನು ಮೆರವಣಿಗೆಯ ಕಡೆ ತಿರುಗಿದ. "ಬೆಳಿಗ್ಗೆ ಬಂದು ನೀನು ನೋಡ್ತೀಯಲ್ಲ. ಬಲೆ ಖಾಲಿ ಇದ್ರೆ ಸಂಜೆ ನಾನು ಬಂದೇ ಇಲ್ಲ ಅಂದ್ಕೊಂತೀಯ."

ಮಾತು ಮುರಿದದ್ದನ್ನು ನಾನು ಎಂದಾದರೂ ಅರ್ಥಮಾಡಿಕೊಳ್ಳಬಹುದು. ಆ ಸಂಜೆಗಳಲ್ಲೆಲ್ಲ ತಿನ್ನುವವರಿಲ್ಲದ ಬಲೆಗೆ ಹುಲ್ಲು ಒತ್ತಿ, ಮರುದಿನ ನನ್ನ ಆತಂಕಕ್ಕೆ ಬೆಲ್ಲದ ನೀರಿನ ಮದ್ದು ಹೇಳುತ್ತಿದ್ದನಲ್ಲ, ಅದನ್ನಲ್ಲ. ಊಟಕ್ಕೆ ಕೂರದೆ ಹೊನ್ನಾಳಿಯ ಬಸ್ಸು ಹತ್ತಿದೆ.

ಈಗ ಎರಡು ಭೇಟಿಯೂ ನನ್ನವೇ. ಅವನು ಆ ಜಾಗದ ಕಡೆ ಬರುವುದಿಲ್ಲ. ಜಾಗ ಬಿಡಿ ಎಂದೂ ಹೇಳಿಲ್ಲ. ಬಣವೆಯಲ್ಲಿ ಉಳಿದಿರುವುದು ಅದೇ ಹುಲ್ಲು. ಎಸೆಯಬೇಕೆಂದು ಒಂದು ಬೆಳಿಗ್ಗೆ ಕೈ ಹಾಕಿದೆ. ಕಂದು ಕುದುರೆ ಅಡ್ಡಗಟ್ಟಿನ ಮೇಲಿಂದ ಕತ್ತು ನೀಡಿ ಕಾಯುತ್ತಿತ್ತು. ಬಲೆಗೆ ತುಂಬಿದೆ. ಬಿಳಿಚೋಡಿನ ರೈತರ ಕಥೆಯನ್ನು ಮಾತ್ರ ಎಲ್ಲೂ ಹೇಳುವುದಿಲ್ಲ.

ಸಂಜೆ ರಾತ್ರಿಯ ಬಲೆ ಕಟ್ಟಿದರೆ ಕಂದು ಕುದುರೆ ತಕ್ಷಣ ಬಾಯಿ ಹಾಕುತ್ತದೆ. ಬಿಳಿಯದು ಬೇಲಿಯ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ, ಕಿವಿ ನಿಮಿರಿಸಿ ನಿಲ್ಲುತ್ತದೆ. ಟೆಂಪೋ ಬರುವ ಹೊತ್ತು ಮೀರುವವರೆಗೂ ಹಾಗೆಯೇ. ಆಮೇಲೆ ನಿಧಾನವಾಗಿ ಮರದ ಬುಡಕ್ಕೆ ಬರುತ್ತದೆ. ಅದು ಮೊದಲ ಎಳೆ ಹಿರಿಯುವುದನ್ನು ಕಣ್ಣಾರೆ ನೋಡದೆ ನಾನು ಬೈಕ್ ಹತ್ತುವುದಿಲ್ಲ.